ಗೇಂಡಾ ಛಾಪಿನ ಬೀಗ

ಭಾಲ್ಕಿಯ ಹಳೆ ಬಜಾರಿನಲ್ಲಿ ಸತೀಶಕುಮಾರನ ಹಾರ್ಡವೇರ್ ಅಂಗಡಿ ಗೊತ್ತಿಲ್ಲದವರಿಲ್ಲ. ಅಲ್ಲಿಂದ ಒಮ್ಮೆ ಸಾಮಾನು ಒಯ್ದವರಂತೂ ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಪಾನಾ, ಪಕ್ಕಡ, ಸುತ್ತಿಗೆ, ಗರಗಸ, ಡ್ರಿಲ್ ಮಷೀನು, ಬೀಗ, ಏನು ಕೇಳಿದರೂ ಇತ್ತು. ಎಲ್ಲದರ ಮೇಲೂ ಕೊಂಬು ಮುಂದೆ ಮಾಡಿ ನಿಂತ ಒಂದು ಗೇಂಡಾಮೃಗದ ಚಿತ್ರವೂ ಇತ್ತು. ಸಮುದ್ರ ದಾಟಿ ಬೀದರಿನ ಸಗಟು ವ್ಯಾಪಾರಿಯ ಗೋದಾಮಿಗೆ ಬಂದು, ಅಲ್ಲಿಂದ ಟೆಂಪೋ ಹತ್ತಿ ಭಾಲ್ಕಿಯಲ್ಲಿ ಇಳಿಯುತ್ತಿದ್ದ ಈ ಗೇಂಡಾ ಛಾಪಿನ ಮಾಲು ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಡಬ್ಬಿಯ ಮೇಲಿನ ಅಕ್ಷರ ಯಾವ ದೇಶದ್ದೆಂದು ಸತೀಶಕುಮಾರನಿಗೂ ಗೊತ್ತಿರಲಿಲ್ಲ. "ಫಾರಿನ್ ಮಾಲ್ ಅದರಿ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಬಾಳಿಕೆ ಬರುತ್ತದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಅಷ್ಟರಮಟ್ಟಿಗೆ ಪ್ರಾಮಾಣಿಕ ಮನುಷ್ಯ.

ಮುರಿದ ಮಾಲು ಹಿಡಿದು ವಾಪಸು ಬರುವವರಿಗೂ ಅವನಲ್ಲಿ ಉತ್ತರ ತಯಾರಿರುತ್ತಿತ್ತು. ಬೆಳಿಗ್ಗೆ ಬಂದರೆ, "ಇನ್ನಾ ಬೋಣಿ ಆಗಿಲ್ರಿ." ದಿನದ ಮೊದಲ ವ್ಯಾಪಾರ ಆಗುವ ಮುಂಚೆ ಮಾರಿದ ಮಾಲನ್ನು ತಿರುಗಿ ತೆಗೆದುಕೊಂಡರೆ ಇಡೀ ದಿನ ಹಾಳು ಎಂಬುದು ಬಜಾರಿನ ನಂಬಿಕೆ. ಬೋಣಿಯ ಮಾತಿಗೆ ಎದುರು ಮಾತಾಡುವ ಎದೆಗಾರಿಕೆ ಯಾರಿಗೂ ಇಲ್ಲ. ಸಂಜೆ ಬಂದರೆ, "ದೀಪಾ ಹಚ್ಚೀವಿ, ಇನ್ನ ಕಬ್ಬಿಣ ಒಳಗ ತಗೊಳ್ಳಂಗಿಲ್ರಿ." ಮಧ್ಯಾಹ್ನ ಬಂದರೆ ಶಟರು ಅರ್ಧ ಇಳಿದು ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು. ಹೀಗೆ ಸೂರ್ಯ ಹುಟ್ಟಿ ಮುಳುಗುವುದರೊಳಗೆ ಮಾಲು ವಾಪಸು ಕೊಡಲು ಹೊತ್ತೆಂಬುದೇ ಇರುತ್ತಿರಲಿಲ್ಲ.

ತನ್ನ ಮನೆಯ ಬಾಗಿಲಿಗೆ ಮಾತ್ರ ಅವನು ತನ್ನ ಅಂಗಡಿಯ ಒಂದು ಚಿಲಕವನ್ನೂ ಹಾಕಿಸಿರಲಿಲ್ಲ. ಆದರೆ ಸಗಟು ವ್ಯಾಪಾರಿ ಮಾಲಿನ ಜೊತೆ ಒಂದು ಗೇಂಡಾ ಛಾಪಿನ ಶಟರ್ ಬೀಗವನ್ನು ಪುಕ್ಕಟೆ ಕೊಟ್ಟಾಗ ತಡೆಯಲಾಗಲಿಲ್ಲ. ಪುಕ್ಕಟೆ ಎಂದರೆ ಸತೀಶಕುಮಾರನ ವಿವೇಕಕ್ಕೆ ತೂಕಡಿಕೆ ಬರುತ್ತಿತ್ತು. ಹಳೆಯ ಬೀಗ ಕಿತ್ತು, ಒಳಗಿನಿಂದಲೂ ಹೊರಗಿನಿಂದಲೂ ಕೀಲಿ ತಿರುಗುವ ಆ ಹೊಸ ಬೀಗವನ್ನು ಅಂಗಡಿಯ ಶಟರಿಗೆ ತಾನೇ ಕೂಡಿಸಿದ.

ಅದಾದ ಕೆಲವೇ ದಿನಕ್ಕೆ ಅವನ ಮಗಳು ಆರತಿಯ ನಿಶ್ಚಿತಾರ್ಥದ ಸಾಖರಪುಡಾ ಬಂತು. ಹುಡುಗ ಔರಾದದವನು. ಹುಡುಗನ ತಂದೆ ಶಿವಕಾಂತ ಅಲ್ಲಿ ಮೋಟಾರು ರಿಪೇರಿಯ ವರ್ಕಶಾಪು ಇಟ್ಟ ಮನುಷ್ಯ. ಹುಡುಗನನ್ನು ಮೆಚ್ಚಿದವಳು ಆರತಿಯೇ. ಇವನನ್ನು ಬಿಟ್ಟು ಬೇರೆಯವರನ್ನು ಒಲ್ಲೆ ಎಂದು ಅಪ್ಪನ ಎದುರು ಕುಳಿತು ಹೇಳಿದ್ದಳು. ಮಗಳೆಂದರೆ ಸತೀಶಕುಮಾರನಿಗೆ ಜೀವ. ಮಾತುಕತೆಯ ದಿನ ಶಿವಕಾಂತ ವರದಕ್ಷಿಣೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ಮಾತಿಗಿ ಗಟ್ಟಿ ಇರೋ ಮಂದಿ ಬೇಕ್ರಿ ನಮಗ. ಸಾಖರಪುಡಾದ ದಿನ ಮಧ್ಯಾಹ್ನ ಹನ್ನೆರಡರೊಳಗ ನಿಮ್ಮ ಕೈಲೆ ನನ್ನ ಬಾಯಿಗಿ ಸಕ್ರಿ ಬೀಳಬೇಕು. ತಪ್ಪಿದ್ರ ಮಾತೂ ತಪ್ಪಿದಂಗ" ಎಂದಷ್ಟೇ ಹೇಳಿದ್ದ. ಹುಡುಗಿಯ ತಂದೆ ಹುಡುಗನ ತಂದೆಗೆ ಸಕ್ಕರೆ ತಿನ್ನಿಸಿದರೇ ಸಂಬಂಧ ಪಕ್ಕಾ. ಹಾಗೆ ಹೇಳುವಾಗ ಶಿವಕಾಂತ ತನ್ನ ಮುಖವನ್ನು ಯಾಕೆ ಅಷ್ಟು ಹೊತ್ತು ನೋಡಿದನೆಂದು ಸತೀಶಕುಮಾರ ತಲೆ ಕೆಡಿಸಿಕೊಳ್ಳಲಿಲ್ಲ.

ಸಾಖರಪುಡಾದ ಬೆಳಿಗ್ಗೆ ಹೆಂಡತಿ ಸಿದ್ದೇಶ್ವರಿ ಮಗಳನ್ನೂ ನೆಂಟರನ್ನೂ ಕರೆದುಕೊಂಡು ಜೀಪಿನಲ್ಲಿ ಔರಾದಕ್ಕೆ ಮುಂದೆ ಹೋದಳು. ಸತೀಶಕುಮಾರ ಬೀದರಿನ ಅಕ್ಕಸಾಲಿಗನಲ್ಲಿ ಮಾಡಿಸಿದ ಉಂಗುರವನ್ನು ಅಂಗಡಿಯ ತಿಜೋರಿಯಿಂದ ತೆಗೆದುಕೊಂಡು ಹಿಂದಿನಿಂದ ಬರುವವನು. ಹೊಸ ಧೋತರ, ಜರಿಯ ಶಲ್ಯ, ಹಣೆಗೆ ವಿಭೂತಿ. ಶಟರು ಎತ್ತಿ ಒಳಗೆ ಹೋಗಿ ಉಂಗುರದ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡ. ತಿರುಗಿ ನೋಡಿದರೆ ಬಜಾರಿನ ತಿರುವಿನಲ್ಲಿ ಭಾತಂಬ್ರಾದ ಕುರಿಗಾರ ಧೊಂಡಿಬಾ ಬರುತ್ತಿದ್ದ. ಜೊತೆಗೆ ಒಂದು ಟಗರು.

ಟಗರಿನ ಬಲಮೈ ನುಣ್ಣಗೆ ಬೋಳಾಗಿತ್ತು. ಎಡಮೈ ತುಂಬ ಉಣ್ಣೆಯಿತ್ತು. ಧೊಂಡಿಬಾ ಒಯ್ದಿದ್ದ ಉಣ್ಣೆ ಕತ್ತರಿ ನಡುವೆಯೇ ಕೈಕೊಟ್ಟಿತ್ತು. ಹಿಂದಿನ ಸಲ ಅವನು ಮುರಿದ ಕತ್ತರಿ ತಂದು ತೋರಿಸಿದಾಗ ಸತೀಶಕುಮಾರ, "ಕತ್ತರಿ ಛಲೋ ಅದಪಾ, ನಿನ್ನ ಟಗರಿನ ಉಣ್ಣಿನೇ ಸರಿ ಇಲ್ಲ" ಎಂದುಬಿಟ್ಟಿದ್ದ. ಧೊಂಡಿಬಾ ಈಗ ಸಾಕ್ಷಿಯನ್ನೇ ಹಿಡಿದುಕೊಂಡು ಬಂದಿದ್ದ.

ಮಗಳ ಸಾಖರಪುಡಾದ ದಿನ, ಬೋಣಿಗೆ ಮುಂಚೆ, ಮುರಿದ ಕತ್ತರಿಯ ದರ್ಶನ! ಸತೀಶಕುಮಾರ ಗಬಕ್ಕನೆ ಶಟರನ್ನು ಒಳಗಿನಿಂದ ಕೆಳಗೆಳೆದು, ಕೀಲಿ ತಿರುವಿ, ಉಸಿರು ಬಿಗಿಹಿಡಿದು ನಿಂತ. ಧೊಂಡಿಬಾ ಬಂದ, ಶಟರು ಬಡಿದ, "ಸೇಠಜೀ" ಎಂದು ಕೂಗಿ ಮೆಟ್ಟಿಲ ಮೇಲೆಯೇ ಕೂತ. ಹಳ್ಳಿಯವರ ತಾಳ್ಮೆಗೆ ಬೆಂಕಿ ಹಾಕಬೇಕು ಎಂದುಕೊಂಡ ಸತೀಶಕುಮಾರ, ಕೊನೆಗೆ ಹೊತ್ತು ಮೀರುತ್ತಿದೆಯೆಂದು ಬೀಗ ತೆಗೆಯಲು ಹೋದ. ಕೀಲಿ ಅರ್ಧ ತಿರುಗಿ ಪಟಕ್ಕನೆ ಮುರಿಯಿತು. ಗೇಂಡಾದ ಚಿತ್ರವಿದ್ದ ತುದಿ ಕೈಯಲ್ಲಿ ಉಳಿಯಿತು.

ಸುತ್ತ ಉಪಕರಣಗಳ ಗುಡ್ಡವೇ ಇದ್ದಾಗ ಭಯವೇಕೆ? ಹೊಸ ಸ್ಕ್ರೂಡ್ರೈವರು ತೆಗೆದ. ಮೊದಲ ತಿರುವಿಗೇ ಅದರ ಮೂತಿ ಸೊಟ್ಟಗಾಯಿತು. ಇನ್ನೊಂದು ತೆಗೆದ, ಅದರ ಹಿಡಿಕೆ ತಿರುಗಿತು, ಕಬ್ಬಿಣ ತಿರುಗಲಿಲ್ಲ. ಸುತ್ತಿಗೆ ಎತ್ತಿ ಒಂದೇಟು ಹಾಕಿದರೆ ತಲೆ ಹಾರಿ ಟ್ಯೂಬ್‌ಲೈಟಿಗೆ ಬಿತ್ತು. ಕತ್ತಲಲ್ಲಿ ಗಾಜು ತುಳಿಯುತ್ತ ಗರಗಸದ ಬ್ಲೇಡು ಹಚ್ಚಿ ಎಳೆದ, ಎಳೆದ, ಬೆವರಿಳಿಯುವಂತೆ ಎಳೆದ. ಕೈಯಾಡಿಸಿ ನೋಡಿದರೆ ಬೀಗ ಹಾಗೇ ಇತ್ತು, ಬ್ಲೇಡಿನ ಹಲ್ಲು ಒಂದೂ ಇರಲಿಲ್ಲ. ಕಡೆಗೆ ಅಂಗಡಿಯ ಶೋಭೆಯಾದ ಡ್ರಿಲ್ ಮಷೀನನ್ನೇ ಇಳಿಸಿದ. ಅದು ಗುರ್ರೆಂದು ಕೂಗಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು ತಣ್ಣಗಾಯಿತು. ಗೇಂಡಾಕ್ಕೆ ಗೇಂಡಾ ಸೋಲಲೇ ಇಲ್ಲ.

"ಯಾವ ಹಲ್ಕಟ್ ನನ್ನ ಮಗಾ ಮಾರ್ತಾನಿಂಥಾ ಮಾಲಾ!" ಎಂದು ಸತೀಶಕುಮಾರ ಕೂಗಿದ. ಅದೇ ಮಾತನ್ನು ಅವನು ಇದೇ ಅಂಗಡಿಯಲ್ಲಿ ಎಷ್ಟೋ ಜನರ ಬಾಯಿಂದ ಕೇಳಿದ್ದ. ಆಗ ಅವನಿಗೆ ಸಿಟ್ಟು ಬರುತ್ತಿತ್ತು, ಈಗ ನಾಚಿಕೆಯಾಯಿತು.

ಹೊರಗೆ ಧೊಂಡಿಬಾ ಚಂಗನೆ ಎದ್ದ. "ಸೇಠಜೀ, ಒಳಗ ಕಳ್ಳ ಹೊಕ್ಕಾನ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಒದರಿದ. ಜನ ಕೂಡಿತು.

"ನಾನೇ ಇದ್ದೇನೋ! ನಾ ಸತೀಶಕುಮಾರ!"

"ನೀವೇನ್ರಿ? ನಿಮ್ಮ ಅಂಗಡಿ ನೀವೇ ಯಾಕ ಒಡೀಲಕತ್ತೀರಿ?"

ಒಳಗಿನಿಂದ ಸೋತ ದನಿ ಬಂತು: "ಕರೀಮ ಸಾಬನ್ನ ಕರೀರೋ ಯಾರರ."

ಎದುರು ಸಾಲಿನ ವೆಲ್ಡರ್ ಕರೀಮ ಸಾಬ ಮೊದಲೇ ಅಲ್ಲಿ ಬಂದು ನಿಂತು ಮಜಾ ನೋಡುತ್ತಿದ್ದ. ಗಡ್ಡ ಬೆಳ್ಳಗಾದರೂ ಕಿಡಿಗೇಡಿತನ ಬಿಡದ ಮುದುಕ. ಅವನ ಕೈಯಲ್ಲಿ ಲಾರಿಯ ಕಮಾನು ಪಟ್ಟಿ ಕಡಿದು ತಾನೇ ಮಾಡಿಕೊಂಡ ದಪ್ಪ ಉಳಿ. ಅದನ್ನು ಅವನು ಹೆಂಡತಿ ಮಹಮೂದಾ ಬೇಗಂಗೆ ತೆಂಗಿನಕಾಯಿ ಒಡೆಯಲೂ ಕೊಟ್ಟವನಲ್ಲ. ಗೇಂಡಾ ಛಾಪಿನ ಗ್ರೈಂಡರು ಒಯ್ದು, ಅದು ಸುಟ್ಟು, ಬೆಳಿಗ್ಗೆ ಬೋಣಿಯಿಂದಲೂ ಸಂಜೆ ದೀಪದಿಂದಲೂ ತಿರುಗಿ ಹೋದವರಲ್ಲಿ ಅವನೂ ಒಬ್ಬ.

"ಕರೀಮ ಭಾಯಿ, ಜಲ್ದಿ ಬೀಗ ಒಡಿಯಪಾ. ಔರಾದಕ್ಕ ಹೋಗಬೇಕು, ಮಗಳ ಸಾಖರಪುಡಾ ಅದ."

"ಅರೆ ಸೇಠಜಿ, ಖುಷಿ ಮಾತು. ಆದ್ರ ಏನ್ ಮಾಡ್ಲಿ, ಇನ್ನಾ ಬೋಣಿ ಆಗಿಲ್ರಿ."

ಹೊರಗೆ ನಗೆಯ ಅಲೆಯೆದ್ದಿತು. ಸತೀಶಕುಮಾರನ ಮೈ ಉರಿಯಿತು. "ನಾನೇ ಬೋಣಿ ಮಾಡ್ತೇನಿ! ಕೇಳಿದಷ್ಟ ತಗೋ!"

"ನಕ್ಕೋ, ಬ್ಯಾಡ್ರಿ. ನನ್ನ ಬೋಣಿ ಅಲ್ಲ, ನಿಮ್ಮ ಬೋಣಿ. ಮಾಲಕನ ಬೋಣಿ ಆಗದ ಶಟರಿಗಿ ಉಳಿ ಹಚ್ಚಿದ್ರ ಗುನ್ಹಾ ಆಗ್ತದ. ಧೊಂಡಿಬಾ ಕತ್ತರಿ ಹಿಡಕೊಂಡ ಕುಂತಾನ. ಅದು ಒಳಗ ತಗೋರಿ, ಅವನ ಪೈಸಾ ಹೊರಗ ಕೊಡ್ರಿ. ಬೋಣಿ ಆಯ್ತು."

ಬೋಣಿಗೇ ಮಾಲು ವಾಪಸು! ಅಪ್ಪನಿಂದ ಅಂಗಡಿ ಕೈಗೆ ಬಂದಾಗಿನಿಂದ ಅವನು ಯಾವುದಕ್ಕೆ ಹೆದರಿದ್ದನೋ ಅದೇ, ಅದೂ ಮಗಳ ಶುಭಕಾರ್ಯದ ದಿನ. ಆಗಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಪಪ್ಪಾ," ಆರತಿಯ ದನಿ ಸಣ್ಣಗಾಗಿತ್ತು. "ಅವರ ಮಂದಿ ಎಲ್ಲಾ ಬಂದು ಕುಂತಾರ. ಮಾವ ಆಗೋರು ಗಡಿಯಾರನೇ ನೋಡ್ಲಕತ್ತಾರ. ನೀವು ಬರ್ತೀರಲ್ಲ?"

"ಹೊಂಟೀನವ್ವಾ," ಎಂದ ಸತೀಶಕುಮಾರ. ಅವನಿಗೆ ಅಳು ಬಂತು. ಕತ್ತಲಲ್ಲಿ ಕೂತು ಒಂದು ಗಳಿಗೆ ಅತ್ತೂಬಿಟ್ಟ. ಆಮೇಲೆ ಹೊಸ ಧೋತರದ ಪರಿವೆಯಿಲ್ಲದೆ ನೆಲಕ್ಕೆ ಒರಗಿ, ಶಟರಿನ ಅಡಿಯ ಸಂದಿಯಿಂದ ಕೈ ಹೊರಗೆ ಚಾಚಿದ. "ಧೊಂಡಿಬಾ, ಕತ್ತರಿ ಕೊಡಪಾ."

ಕತ್ತರಿ ಒಳಗೆ ಬಂತು, ಹಣ ಹೊರಗೆ ಹೋಯಿತು. ಹೊರಗಿನವರು ಅಷ್ಟಕ್ಕೇ ಬಿಡುತ್ತಾರೆಯೇ? ಸುದ್ದಿ ಕೇಳಿ ಮನೆಗೆ ಓಡಿಹೋಗಿ ಬಂದವರು ಸೊಟ್ಟ ಪಾನಾ, ಬಾಯಿ ಬಿಟ್ಟ ಪಕ್ಕಡ, ತುದಿಯಿಲ್ಲದ ಡ್ರಿಲ್ ಬಿಟ್ಟುಗಳನ್ನು ಸಂದಿಯಿಂದ ತೂರಿಸತೊಡಗಿದರು. ಸತೀಶಕುಮಾರ ಎಲ್ಲವನ್ನೂ ತೆಗೆದುಕೊಂಡು ಹಣ ಹೊರಗೆ ಚಾಚಿದ. ಕೊನೆಗೆ ಕರೀಮ ಸಾಬ ತನ್ನ ಸುಟ್ಟ ಗ್ರೈಂಡರನ್ನು ತೂರಿಸಲು ನೋಡಿದ. ಅದು ಸಂದಿಯಲ್ಲಿ ಹಿಡಿಯಲಿಲ್ಲ.

"ಇದರ ಸಲುವಾಗಿ ಶಟರ್ ತೆಗೀಲೇಬೇಕು," ಎಂದು ಮುದುಕ ಉಳಿ ಇಟ್ಟು ಹೊಡೆದ. ಒಳಗೆ ಅಷ್ಟು ಹೊತ್ತು ಜಗ್ಗದಿದ್ದ ಬೀಗ ಹಪ್ಪಳದ ಹಾಗೆ ಪುಡಿಯಾಯಿತು.

ಧೂಳು, ಗ್ರೀಸು, ಬೆವರು ಮೆತ್ತಿದ ಸತೀಶಕುಮಾರ ಬೆಳಕಿಗೆ ಬಂದು ಗ್ರೈಂಡರಿನ ಹಣ ಎಣಿಸಿಕೊಟ್ಟ. ಬೀಗವಿಲ್ಲದ ಶಟರಿನ ಕಡೆ ನೋಡಿ, "ಅಂಗಡಿ ಹ್ಯಾಂಗ ಬಿಟ್ಟು ಹೋಗ್ಲಿ?" ಎಂದ.

"ಆರಾಮ ಹೋಗ್ರಿ," ಎಂದ ಕರೀಮ ಸಾಬ. "ನಿಮ್ಮ ಮಾಲು ಯಾರ ಕದೀತಾರ್ರಿ?"

ಧೊಂಡಿಬಾ ಮಾತ್ರ ಪಾಪ ಎನ್ನಿಸಿ, "ನಾ ಕಾಯ್ತೇನಿ, ಹೋಗಿ ಬರ್ರಿ" ಎಂದು ಟಗರನ್ನು ಶಟರಿನ ಕಂಬಕ್ಕೆ ಕಟ್ಟಿದ.

ಬಾಡಿಗೆ ಕಾರು ಔರಾದ ಮುಟ್ಟಿದಾಗ ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಹಂದರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಿದ್ದೇಶ್ವರಿ ಗಂಡನ ಅವತಾರ ನೋಡಿ ಹಣೆ ಚಚ್ಚಿಕೊಂಡಳು. ಆರತಿಯ ಮುಖದ ಮೇಲೆ ಮಾತ್ರ ಜೀವ ಬಂತು. ಸತೀಶಕುಮಾರ ಏದುಸಿರು ಬಿಡುತ್ತಲೇ ತಟ್ಟೆಯಿಂದ ಸಕ್ಕರೆ ಹಿಡಿದು ಶಿವಕಾಂತನ ಬಾಯಿಯ ಹತ್ತಿರ ಒಯ್ದ.

ಶಿವಕಾಂತ ಅವನ ಮುಂಗೈ ಹಿಡಿದು ತಡೆದ. "ನಿಲ್ರಿ ಬೀಗರ." ಇನ್ನೊಂದು ಕೈಯಿಂದ ಕೋಟಿನ ಕಿಸೆಯೊಳಗಿನಿಂದ ದವಡೆ ಮುರಿದ ಒಂದು ಪೈಪ್ ಪಾನಾ ತೆಗೆದ. ಅದರ ಮೇಲೆ ಗೇಂಡಾದ ಕೊಂಬು ಇನ್ನೂ ಮಿಂಚುತ್ತಿತ್ತು. "ಒಮ್ಮೆ ರೈಲಿಗಿ ಅಂತ ಭಾಲ್ಕಿಗಿ ಬಂದಾಗ ತಗೊಂಡಿದ್ದೆ. ಮುರೀತು ಅಂತ ಹೊಳ್ಳಿ ತಂದ್ರ, ಬೋಣಿ ಆಗಿಲ್ಲ ಅಂದ್ರಿ. ನಿಮಗ ನನ್ನ ಮಾರಿ ನೆನಪಿಲ್ಲ, ನನಗ ನಿಮ್ಮ ಮಾತ ನೆನಪ ಅದ. ಮಾತಿಗಿ ಗಟ್ಟಿ ಮಂದಿ ಬೇಕು ಅಂದಿದ್ದು ಅದಕ್ಕೇರಿ. ಹೇಳ್ರಿ, ಇವತ್ತರ ಬೋಣಿ ಆಗ್ಯಾದೇನು?"

ರೂಢಿಯ ಉತ್ತರ ಸತೀಶಕುಮಾರನ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಮಗಳ ಕಡೆ ನೋಡಿದ. ಅವಳು ಸೀರೆಯ ಸೆರಗನ್ನು ಹಿಂಡುತ್ತ ನಿಂತಿದ್ದಳು.

"ಆಗ್ಯಾದರಿ ಬೀಗರ," ಎಂದ. "ವಾಪಸ್ ತಗೊಂಡೇ ಆಗ್ಯಾದ." ಎಡಗೈ ಚಾಚಿ ಮುರಿದ ಪಾನಾ ಇಸಿದುಕೊಂಡು, ಉಂಗುರದ ಡಬ್ಬಿಯಿದ್ದ ಕಿಸೆಯಲ್ಲೇ ಇಟ್ಟುಕೊಂಡ.

ಶಿವಕಾಂತ ಅವನ ಮುಂಗೈ ಬಿಟ್ಟು ಸಕ್ಕರೆಗೆ ಬಾಯಿ ತೆರೆದ.