ಹಣೆಯ ಮೇಲಿನ ಭಂಡಾರ

೧೯೩೧ರ ಚಳಿಗಾಲ. ಕೊಣ್ಣೂರಿನ ಸಣ್ಣ ಕ್ರೈಸ್ತಸಭೆಯ ಉಪದೇಶಿ ಸಮುವೇಲಪ್ಪ ಹಿಂದಿನ ಪ್ರಭುಭೋಜನದ ದಿನ ಎಲ್ಲರಿಗೂ ಹಂಚುವ ಪವಿತ್ರ ರೊಟ್ಟಿಯನ್ನು ಕೆಂಪವ್ವನಿಗೆ ಕೊಟ್ಟಿರಲಿಲ್ಲ. ಕುರುಬರ ಮನೆಯಲ್ಲಿ ಹುಟ್ಟಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದವಳು ಆಕೆ. ಮೂಡಲಗಿಯ ತವರಿಗೆ ಹೋಗಿ, ಹಣೆಯ ತುಂಬ ಕುಲದೇವರು ಬೀರಪ್ಪನ ಭಂಡಾರದ ಅರಿಸಿನದೊಡನೆ ನೆಟ್ಟಗೆ ಸಭೆಗೆ ಬಂದಿದ್ದಳು. ಹಳೆಯ ದೇವರಿಗೆ ತಿರುಗಿದ್ದಾಳೆಂದು ಅವನು ಎಲ್ಲರೆದುರು ಹೆಸರು ಹಿಡಿದು ಹೇಳಿದ. ಆಮೇಲೆ, ಬೆಳ್ಳಿಯಿಂದ ಕಿಟ್ಟವನ್ನು ಬೇರ್ಪಡಿಸುವ ಬೈಬಲಿನ ಮಾತಿನ ಮೇಲೆ ಪ್ರಸಂಗ ಮಾಡಿದ. ಚೆನ್ನಾಗಿತ್ತೆಂದು ಜನ ಹೊಗಳಿದ್ದರು.

ಈ ಶನಿವಾರ ಆಕೆಯ ತಮ್ಮ ಪರಸಪ್ಪ ಹೆಗಲ ಮೇಲೆ ಕಂಬಳಿ ಹೊತ್ತು ಉಪದೇಶಿಯ ಮನೆಯ ಬಾಗಿಲಲ್ಲಿ ನಿಂತ.

"ಮಾಸ್ತರ, ನಿಮ್ಮ ದೇವರು ಅರಿಷಿಣಕ್ಕ ಅಂಜತಾನೇನ್ರಿ? ನಮ್ಮ ಕುರಿಗೂ ಹಚ್ಚತೇವಿ, ಒಂದೂ ಓಡಿಹೋಗಿಲ್ಲ."

"ಆಕಿ ಗುಡಿಗೆ ಹೋಗಿದ್ದಳಲ್ಲ?"

"ಯಾವ ಗುಡಿ? ಅವ್ವ ಸಾಯಾಕತ್ತಿದ್ಲು. ಭಂಡಾರದ ಕೈ ಮಗಳ ಹಣಿ ಮ್ಯಾಲೆ ಇಟ್ಲು. ಇಟ್ಟ ಕೈ ಹಂಗ ಜಾರಿ ಬಿತ್ತು."

"ಒರಸಿಕೊಂಡು ಬರಬೇಕಿತ್ತು."

"ಅವ್ವನ ಕೈ ಒರಸಬೇಕಿತ್ತೇನ್ರಿ?"

ಅಂದು ಸಭೆಯಲ್ಲಿ ಕೆಂಪವ್ವ ಒಂದು ಮಾತನ್ನೂ ಆಡಿರಲಿಲ್ಲ. ಆ ಮೌನವನ್ನೇ ಸಮುವೇಲಪ್ಪ ಒಪ್ಪಿಗೆ ಎಂದು ತಿಳಿದಿದ್ದ. ಹಾಗೆ ತಿಳಿಯುವುದು ಅವನಿಗೆ ಬೇಕಾಗಿತ್ತು ಕೂಡ. ಕಿಟ್ಟದ ಪ್ರಸಂಗ ಮೊದಲೇ ಸಿದ್ಧವಾಗಿತ್ತು, ಅದಕ್ಕೊಂದು ಉದಾಹರಣೆ ಬೇಕಿತ್ತು.

ಅವನು ಆಕೆಯ ಮನೆಗೆ ಹೋದಾಗ ಕೆಂಪವ್ವ ಜೋಳದ ಹಿಟ್ಟು ನಾದುತ್ತಿದ್ದಳು.

"ತಪ್ಪಾತವ್ವಾ. ನೀ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು? ಹಣಿ ನೋಡಿದ್ರಿ, ಹೆಸರು ಒದರಿದ್ರಿ." ಆಕೆ ತಲೆ ಎತ್ತಲಿಲ್ಲ. "ನನ್ನ ಹೊರಗ ಹಾಕಿದ್ದು ಮಂದಿ ಮುಂದ. ತಪ್ಪಾತು ಅನ್ನೂದು ಒಲಿ ಮುಂದ ಏನ್ರಿ?"

ಭಾನುವಾರ ಅವನು ಸಭೆಯೆದುರು ಎಲ್ಲವನ್ನೂ ಹೇಳಿದ. ತಾಯಿಯ ಕೈಯ ಮಾತು ಬಂದಾಗ ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ರೊಟ್ಟಿಯ ತಟ್ಟೆ ಹಿಡಿದು ಮೊದಲು ಕೆಂಪವ್ವನ ಬಳಿಗೇ ಹೋದ. ಆಕೆ ತೆಗೆದುಕೊಂಡಳು. ಎಲ್ಲರಿಗೂ ಕೊಟ್ಟ ಮೇಲೆ ತನ್ನ ಪಾಲನ್ನು ಮುಟ್ಟದೆ ತಟ್ಟೆಯನ್ನು ಮೇಜಿನ ಮೇಲಿಟ್ಟ.

"ಆಕೆಯನ್ನು ಹೊರಗಿಟ್ಟವನು ನಾನು. ಈ ಸಲ ನಾನು ಹೊರಗಿರುತ್ತೇನೆ."

ಜನ ಅವನನ್ನೇ ನೋಡಿದರು. ಆ ನೋಟದಲ್ಲಿ ಮರುಕವಿತ್ತು, ಗೌರವವೂ ಇತ್ತು. ಅದು ಅವನ ಎದೆಗೆ ಹಿತವಾಗಿ ಇಳಿಯತೊಡಗಿತು.

"ಮಾಸ್ತರ," ಎಂದಳು ಕೆಂಪವ್ವ, ಕುಳಿತಲ್ಲಿಂದಲೇ, "ಇವತ್ತೂ ಮಂದಿ ನಿಮ್ಮನ್ನ ನೋಡಬೇಕೇನ್ರಿ? ಎಲ್ಲಾರ ಗತೆ ತಿನ್ರಿ."

ಅವನ ಮುಖ ಸುಟ್ಟಂತಾಯಿತು. ಆ ನೋಟ ತನಗೆ ಹಿತವಾಗಿತ್ತೆಂದು ಆಕೆಗೆ ಗೊತ್ತಾಗಿಬಿಟ್ಟಿತ್ತು. ಕ್ಷಮಿಸಿದೆನೆಂದು ಮಾತ್ರ ಆಕೆ ಹೇಳಲಿಲ್ಲ. ಮುಂದೆ ಹೇಳುತ್ತಾಳೋ ಇಲ್ಲವೋ. ಅವನು ತಟ್ಟೆಯಲ್ಲಿ ಉಳಿದ ತನ್ನ ಚೂರನ್ನು ಎತ್ತಿಕೊಂಡು ಗಂಡಸರ ಸಾಲಿನ ಕೊನೆಯಲ್ಲಿ, ಮುಂದೆ ಕುಳಿತವನ ಬೆನ್ನಿನ ಮರೆಗೆ ಕುಳಿತು, ನಿಧಾನವಾಗಿ ಅಗಿಯತೊಡಗಿದ.