ಸೌಟಲ್ಲ, ಕುಡುಗೋಲು

ಶಿರಸಿಯ ಜೊಹರಾ ಅವರ ಮನೆಯ ಮುಂಕೋಣೆಯಲ್ಲಿ ಒಂದೂಕಾಲು ಅಡಿ ಎತ್ತರದ ಬೆಳ್ಳಿಯ ಸಾಮಾನೊಂದಿದೆ. ಬ್ರಿಟಿಷ್ ಸಾಹೇಬರ ಕಾಲದಲ್ಲಿ ಹಣ್ಣು ತುಂಬಿ ಊಟದ ಮೇಜಿನ ನಡುವೆ ಇಡುತ್ತಿದ್ದದ್ದು. ಕೆಳಗೆ ನಾಲ್ಕು ಮೇಕೆ ತಲೆ, ಸುತ್ತ ದ್ರಾಕ್ಷಿ ಬಳ್ಳಿ, ನಡುವೆ ಬಟ್ಟಲನ್ನು ತಲೆಯ ಮೇಲೆ ಹೊತ್ತ ಹೆಂಗಸು. ಅವಳ ಎಡಗೈಯಲ್ಲಿ ತೆನೆಗಳ ಕಟ್ಟು. ಬಲಗೈಯಲ್ಲಿದ್ದದ್ದು ಮುರಿದು ಮೋಟಾಗಿದೆ. ಲಾರಿ ಇಟ್ಟುಕೊಂಡಿದ್ದ ಗಂಡ ರಸೂಲ್ ಹಳೆಯ ಬಂಗಲೆಯೊಂದರ ಸಾಮಾನನ್ನು ಕಾರವಾರಕ್ಕೆ ಸಾಗಿಸಿದಾಗ ಮಾಲೀಕರು ಖುಷಿಯಿಂದ ಕೊಟ್ಟದ್ದು. ರಸೂಲ್ ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಿಲ್ಲ.

ಆ ಮೋಟನ್ನು ಸೌಟೆಂದು ತಿಳಿದವಳು ಪಾರ್ವತವ್ವ. ಬನವಾಸಿ ಕಡೆಯವಳು, ಬಸ್ ನಿಲ್ದಾಣದ ಬಳಿ ಹೂ ಮಾರುತ್ತಾಳೆ. ಐದು ವರ್ಷದ ಹಿಂದೆ ನೀರು ಕೇಳಲು ಬಂದವಳು ಅದನ್ನು ಕಂಡು ಕೈಮುಗಿದಳು.

"ಅನ್ನಪೂರ್ಣಿ ಅದಾಳಲ್ರಿ ನಿಮ್ಮನ್ಯಾಗ."

ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಮೊಳ ಮಲ್ಲಿಗೆ ತಂದು ಬಟ್ಟಲಿಗಿಟ್ಟು, ಚಹಾ ಕುಡಿದು, ಒಂದು ತಾಸು ಮಾತಾಡಿ ಹೋಗುತ್ತಿದ್ದಳು. ಮೂರ್ತಿಗೆ ಹೂವಿಡುವುದು ತಮ್ಮ ಮನೆಯಲ್ಲಿ ಸಲ್ಲದೆಂದು ಜೊಹರಾಗೆ ಗೊತ್ತಿತ್ತು. ನಮಾಜು ಮಾಡುವಾಗ ನಡುವಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ವಾರದಲ್ಲಿ ಬೇರೆ ಯಾರೂ ಬರುತ್ತಿರಲಿಲ್ಲ.

ಯಲ್ಲಾಪುರದಲ್ಲಿರುವ ತಮ್ಮನ ಮಗ ನದೀಮ್ ಒಮ್ಮೆ ಬಂದಾಗ ಫೋಟೊ ತೆಗೆದು, ಹಳೆ ಬೆಳ್ಳಿ ಬಲ್ಲ ಮುಂಬಯಿಯ ಒಬ್ಬರಿಗೆ ಕಳಿಸಿದ. ಉತ್ತರ ಬಂತು: ಅವಳು ರೋಮನ್ನರ ಬೆಳೆಯ ದೇವತೆ, ಹೆಸರು ಸೀರಿಸ್, ಕೈಯಲ್ಲಿದ್ದದ್ದು ಕುಡುಗೋಲು.

ಪಾರ್ವತವ್ವನಿಗೆ ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಮುಂದಿನ ಶುಕ್ರವಾರ ಕಣ್ಣುಮುಚ್ಚಿ ಕೈಮುಗಿದು ನಿಂತವಳನ್ನು ನೋಡಿ ಜೊಹರಾಗೆ ಸುಮ್ಮನಿರಲಾಗಲಿಲ್ಲ.

"ಪಾರ್ವತವ್ವ, ಅದು ಅನ್ನಪೂರ್ಣೆ ಅಲ್ವಂತೆ. ಪರದೇಶದ ದೇವಿಯಂತೆ. ಸೌಟಲ್ಲ, ಕುಡುಗೋಲಂತೆ."

ಪಾರ್ವತವ್ವ ಬಗ್ಗಿ ಆ ಕೈಯನ್ನು ನೋಡಿದಳು.

"ಐದು ವರ್ಷ ಮಲ್ಲಿಗಿ ಹಾಕಿಸ್ಕೊಂಡು ಬಾಯಿ ಬಿಡಲಿಲ್ಲ ನೋಡ್ರಿ. ಜಾಣಿ ಅದಾಳ."

ನಕ್ಕಳು. ಚಹಾ ಅರ್ಧ ಉಳಿಸಿ ಎದ್ದಳು.

ಎರಡು ಶುಕ್ರವಾರ ಬರಲಿಲ್ಲ. ಮೂರನೆಯ ಶುಕ್ರವಾರ ಅದೇ ಹನ್ನೊಂದರ ಹೊತ್ತಿಗೆ ಜೊಹರಾ ಬುರ್ಖಾ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದರು.

"ನದೀಮ್ ತಪ್ಪು ಓದಿದ್ನಂತೆ. ಅದು ಸೌಟೇ ಅಂತೆ."

ಪಾರ್ವತವ್ವ ಹೂ ಕಟ್ಟುತ್ತಲೇ ತಲೆಯೆತ್ತಿದಳು. "ಸುಳ್ಳು ಹೇಳಾಕ ಬರಂಗಿಲ್ಲ ನಿಮಗ, ಬಿಡ್ರಿ ಅಕ್ಕಾರ."

"ದೇವಿ ಇಲ್ದಿದ್ರೆ ಏನಾಯ್ತು? ಚಹಾಕ್ಕೆ ಬಾ."

"ಪೂಜಾಕ್ಕಂತ ಹೇಳಿ ಬರ್ತಿದ್ದೆ. ಬರೀ ಚಹಾಕ್ಕ ಅಂಗಡಿ ಬಿಟ್ಟು ಹೊಂಟ್ರ ಸೊಸಿ ಸುಮ್ಮನಿರ್ತಾಳೇನ್ರಿ?"

ಅಷ್ಟರಲ್ಲಿ ಸಿದ್ದಾಪುರದ ಬಸ್ಸು ಬಂತು, ಇಳಿದವರು ಹೂವಿಗೆ ಮುತ್ತಿದರು. ಗಿರಾಕಿಗಳಿಗೆ ಜಾಗ ಬಿಟ್ಟು ಜೊಹರಾ ಪಕ್ಕಕ್ಕೆ ಸರಿದು ನಿಂತರು. ಹನ್ನೆರಡರವರೆಗೂ ಅಲ್ಲೇ ನಿಂತಿದ್ದರು.