ಮೋಟು ಬೆರಳಿನ ಗೆರೆ

ಒರೆಸಿದ ಹತ್ತಿ ಧೂಳಿಗೆ ಕರ್ರಗಾಗುತ್ತದೆ ಅಂದುಕೊಂಡಿದ್ದೆ, ಬೆಳ್ಳಗಾಯಿತು, ಇಷ್ಟು ಸುಲಭಕ್ಕೆ ಬಿಟ್ಟುಬಿಡುತ್ತದೆಯೇ ವಿಭೂತಿ, ಹೊರಗೆ ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಸೊರ್ರ್ ಅನ್ನುತ್ತಿದೆ, ನನ್ನ ತಮ್ಮ ಸಂಜೀವಕುಮಾರ, ಬೇರೆ ಯಾರು, ಇಡೀ ಝಳಕಿ ಊರಿಗೆ ಕೇಳುವ ಹಾಗೆ ಕುಡಿಯುವವನು ಅವನೊಬ್ಬನೇ — ಅಕ್ಕಾ, ಆತೇನು? ಆತು, ತಡಿ. ನಿನಗೆ ಬೇಕಾದದ್ದು ಯಾವತ್ತು ಆಗಿಲ್ಲ ಹೇಳು, ನಿನ್ನೆ ಸಿಂದಗಿಯಿಂದ ಟಂಟಂ ಗಾಡಿ ಮಾಡಿಕೊಂಡು ಬಂದು ಈ ಸ್ಪೀಕರ್ ಪೆಟ್ಟಿಗೆ ಇಳಿಸಿದೆಯಲ್ಲ, ಅಪ್ಪನ ಪೆಟ್ಟಿಗೆ, ಮುಂದಿನ ಬಟ್ಟೆ ತೆಗೆದರೆ ವೂಫರಿನ, ಆ ಕಪ್ಪು ಕಾಗದದ ಬಟ್ಟಲಿನ, ಸುತ್ತಲಿನ ಫೋಮ್ ಹಳೆಯ ಬೆಲ್ಲದಂತೆ ಬೆರಳಿಗೆ ಅಂಟಿ ಬಂತು, ಎಷ್ಟು ವರ್ಷದಿಂದ ಹರಿದು ಗೊರಗೊರ ಅನ್ನುತ್ತಿತ್ತೋ, ಇವನಿಗೆಲ್ಲಿ ಕಿವಿ, ಈಗ ನೆನಪಾಗಿದೆ, ಯಾಕೆಂದರೆ ಚಡಚಣದ ದ್ರಾಕ್ಷಿ ಸಾವಕಾರರು ಹೊಸ ಮನೆ ಕಟ್ಟಿಸಿದ್ದಾರೆ, ಅವರ ಪಡಸಾಲೆಗೆ ಹಳೇ ಕಾಲದ ಸ್ಪೀಕರ್ ಬೇಕಂತೆ. ಹೊಸಾ ವೂಫರ್ ಹಾಕಿದ್ರ ಒಲ್ಲೆ ಅಂತಾರಕ್ಕಾ, ಹಳೀವ ಇರಬೇಕಂತ, ಆದ್ರ ಅದಕ್ಕ ಬಡದಿದ್ದ ಬೂದಿ ಬ್ಯಾಡಂತ, ಒರಸಿ ಕರ್ರಗ ಮಾಡಿ ಕೊಡು. ಬೂದಿ ಅಂತೆ! ಅಪ್ಪನ ಕೈಯ ವಿಭೂತಿಗೆ ಬೂದಿ ಅಂದ, ನಾಲಿಗೆ ತಡವರಿಸಲಿಲ್ಲ. ಮತ್ತೆ ಹೇಳಿದ, ಜೋಡಿ ಇದ್ರಷ್ಟ ತಗೊಂತಾರಂತ. ಜೋಡಿ ಅಂದರೆ ನನ್ನದೂ ಸೇರಿ.

ನನ್ನದು ಆ ಮೂಲೆಯಲ್ಲಿದೆ, ಕಸೂತಿ ಬಟ್ಟೆ ಹೊದ್ದುಕೊಂಡು, ನೋಡಬಾರದು ಅಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅಪ್ಪ ಹೋದ ಮೇಲೆ ಸಿಂದಗಿಯ ಕಚೇರಿಯಲ್ಲಿ ನಿಂತು ಸಹಿ ಮಾಡಿದೆನಲ್ಲ, ಮೋರಟಗಿಯ ಹೊಲ ಬೇಡ, ಅಂಗಡಿ ಬೇಡ, ತವರಿನ ಬಾಗಿಲು ತೆರೆದಿದ್ದರೆ ಸಾಕು ಅಂತ, ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳೂ ಒಪ್ಪಿಸುವ ಪಾಠವನ್ನೇ ಒಪ್ಪಿಸಿದೆ, ಕೇಳಿದ್ದು ಒಂದೇ, ಅಪ್ಪನ ಸ್ಪೀಕರ್ ಎರಡೂ ನನಗಿರಲಿ. ಹಾಂಗ ಹೆಂಗಕ್ಕಾ, ನೀನೂ ಅಪ್ಪನ ಮಗಳು, ನಾನೂ ಅಪ್ಪನ ಮಗ, ಒಂದು ನಿನಗ, ಒಂದು ನನಗ, ನ್ಯಾಯ ಅಂದ್ರ ನ್ಯಾಯ! ಕೂತ ಹಿರಿಯರೆಲ್ಲ ಹೌದ್ ಹೌದು ಅಂದರು, ಎಷ್ಟು ಶ್ಯಾಣ್ಯಾ ಹುಡುಗ ಅಂದರು — ಹೊಲ ಬರೆಸಿಕೊಳ್ಳುವಾಗ ಎಲ್ಲಿ ಸತ್ತಿತ್ತು ಈ ಸಮಪಾಲು, ಪೆಟ್ಟಿಗೆಗೆ ಬಂದಾಗ ಎದ್ದು ಕೂತಿತು. ಎಡದ್ದು ಒಂದೂರಿಗೆ, ಬಲದ್ದು ಒಂದೂರಿಗೆ, ಯಾರಾದರೂ ಹೀಗೆ ಒಡೆಯುತ್ತಾರಾ, ಹಳೆಯ ಕ್ಯಾಸೆಟ್ ಹಾಕಿದರೆ ಹಾಡುವವರು ನನ್ನ ಮನೆಯಲ್ಲಿ ಹಾಡುತ್ತಾರೆ, ತಬಲಾದವರು ಸಿಂದಗಿಯಲ್ಲೇ ಉಳಿದರು. ನನ್ನ ಗಂಡ ರೇವಪ್ಪ ನಕ್ಕಿದ್ದ, ಅರ್ಧಾ ಮರ್ಧಾ ಹಾಡು ಕೇಳಾಕತ್ತೀಯಲ್ಲ. ಅರ್ಧವನ್ನೇ ಕೇಳಿದೆ, ಇಷ್ಟು ವರ್ಷ.

ಅಪ್ಪ — ಸಿಂದಗಿಯ ಸ್ಪೀಕರ್ ಸಿದ್ದರಾಯ ಅಂದರೆ ಬಾಗೇವಾಡಿಯವರೂ ಹರಿದ ವೂಫರ್ ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು — ಸಂಜುನನ್ನು ಕೂಡಿಸಿ ಕಲಿಸಲು ನೋಡಿದ, ಅವನು ಅಂಟು ಚೆಲ್ಲಿ ಓಡಿಹೋದ, ನಾನು ಕೂತೆ. ಏ ವಿಜಿ, ಫೋಮ್ ಕೂಡಿಸುವಾಗ ಉಸುರು ಬಿಗಿ ಹಿಡಿ, ಕಾಗದಕ್ಕ ಒಂದು ಹನಿ ನೀರು ತಾಗಬಾರದು ನೋಡು, ನೀರು ಅಂದ್ರ ಇದಕ್ಕ ವಿಷ. ಗಿರಾಕಿಗಳಿಗೂ ಅದನ್ನೇ ಹೇಳಿ ಹೇಳಿ ಬೈಯುತ್ತಿದ್ದ, ದಸರೆಯ ಖಂಡೇನವಮಿ ಬಂತೋ, ತಾನೇ ಹಿತ್ತಾಳೆಯ ಬಟ್ಟಲಲ್ಲಿ ವಿಭೂತಿ ತೇಯ್ದು, ನೀರು ತೊಟ್ಟಿಕ್ಕುವ ಬೆರಳನ್ನು ಸೀದಾ ವೂಫರಿನ ಕಾಗದದ ಮೇಲೆ ಎಳೆಯುತ್ತಿದ್ದ, ತಕ್ಕಡಿಗೆ, ಕರಣಿಗೆ, ಹೊಲಿಗೆ ಯಂತ್ರಕ್ಕೆ ಊರೆಲ್ಲ ಹಚ್ಚುವ ಹಾಗೆ. ಅಪ್ಪಾ, ನೀನ ನೀರು ಹಚ್ಚಾಕತ್ತೀಯಲ್ಲ. ಅನ್ನ ಹಾಕೂದಕ್ಕ ವಿಭೂತಿ ಹಚ್ಚಲಿಲ್ಲಂದ್ರ ಹೆಂಗವಾ, ಸುಮ್ಮನಿರು. ಮೂರು ಬೆರಳು, ಆದರೆ ಉಂಗುರದ ಬೆರಳು ಮೋಟು, ಪೆಟ್ಟಿಗೆಗೆ ಹಲಗೆ ಕೊಯ್ಯುವಾಗ ಗರಗಸಕ್ಕೆ ಹೋದದ್ದು, ಕಾಗದ ಒಳಕ್ಕೆ ಇಳಿಯುವಲ್ಲಿ ಅದು ಮುಟ್ಟುತ್ತಲೇ ಇರಲಿಲ್ಲ — ಎರಡು ಗೆರೆ ಪೂರ್ತಿ, ಮೂರನೆಯದು ಅರ್ಧಕ್ಕೆ ನಿಲ್ಲುತ್ತಿತ್ತು. ವರ್ಷ ವರ್ಷ ಅದೇ ಜಾಗದ ಮೇಲೆ ಅದೇ ಅರ್ಧ ಗೆರೆ. ನನಗೆ ಅಪ್ಪನ ಫೋಟೊ ಬೇಕಿಲ್ಲ, ಹಾರ ಹಾಕಿದ ಫೋಟೊದಲ್ಲಿ ಯಾರೋ ಬೇರೆ ಮನುಷ್ಯ ಇದ್ದಾನೆ.

ನಿನ್ನೆ ಸಂಜುನ ಪೆಟ್ಟಿಗೆ ಬಿಚ್ಚಿದಾಗ ಮೊದಲು ಹುಡುಕಿದ್ದು ಅದನ್ನೇ, ಇರಲಿಲ್ಲ, ಮೂರೂ ಗೆರೆ ಪೂರ್ತಿ, ದಪ್ಪಗೆ, ಸುಣ್ಣ ಬಳಿದಂತೆ, ಅಪ್ಪನ ಮೇಲೆ ಇವನು ತನ್ನ ಗಟ್ಟಿಮುಟ್ಟಾದ ಬೆರಳು ಎಳೆದಿದ್ದಾನೆ ಪ್ರತಿ ಖಂಡೇನವಮಿಗೂ, ಮೈ ಉರಿಯಿತು, ನೀನು ಹೊಲ ನುಂಗಿದೆ, ಅಂಗಡಿ ನುಂಗಿದೆ, ಅದೊಂದು ಮೋಟು ಗೆರೆಯಾದರೂ ಬಿಡಬಾರದಿತ್ತೇನೋ. ಹಳೆಯ ಫೋಮ್ ಕೆರೆದೆ, ಕಾಗದದ ಬುಡದ ತಂತಿ ಸುರುಳಿ, ಕಾಯಿಲ್, ನಡುವಿಗೆ ನಿಲ್ಲಲೆಂದು ಸಂದಿಯಲ್ಲಿ ಎಕ್ಸರೇ ಹಾಳೆಯ ಪಟ್ಟಿ ತುರುಕಿದೆ, ಅಪ್ಪನದೇ ಎದೆಯ ಎಕ್ಸರೇ, ಕತ್ತರಿಸಿ ಇಟ್ಟುಕೊಂಡಿದ್ದೇನೆ, ಹೊಸ ಫೋಮ್ ಅಂಟಿಸಿ ಕಲ್ಲು ಹೇರಿ ಮಲಗಿದೆ, ಇವತ್ತು ತಂತಿಗೆ ಟಾರ್ಚಿನ ಸೆಲ್ ಮುಟ್ಟಿಸಿದರೆ ವೂಫರ್ ಟಪ್ ಅಂತ ಮುಂದಕ್ಕೆ ನೆಗೆಯಿತು, ಚಲೋ ಆಗಿದೆ, ಕೆಲಸ ಮಾತ್ರ ನನಗೆ ಸುಳ್ಳು ಹೇಳುವುದಿಲ್ಲ. ಸಂಜು ಒಳಗೆ ಬಂದು ನೋಡಿದ, ಹೆಗಲ ಮೇಲೆ ಕೈ ಇಟ್ಟ, ಬೆಣ್ಣೆಯಂಥ ದನಿ — ನಿಂದೂ ಒರಸಿಬಿಡಕ್ಕಾ, ಸಂಜೀಕ ಚಡಚಣಕ್ಕ ಮುಟ್ಟಸಬೇಕು. ನಂದು ನಾ ಕೊಡಂಗಿಲ್ಲ ಸಂಜು. ಬಾಗಿಲ ಹೊರಗೆ ಕೂತಿದ್ದ ರೇವಪ್ಪನ ಕಡೆ ತಿರುಗಿ, ನನ್ನ ಕಡೆ ಅಲ್ಲ, ಮಾವಾರ, ಸೌಂದರ್ಯಾನ ಲಗ್ನ ಮುಂದಿನ ತಿಂಗಳಲ್ಲರಿ ಮುದ್ದೇಬಿಹಾಳದಾಗ? ನನಗ ಆ ದಿನ ಬ್ಯಾರೆ ಕಡೆ ಹೋಗೂದೈತಿ, ನೋಡಬೇಕು, ಆಗೂದಾದ್ರ ಬರ್ತೇನಿ.

ಆಗೂದಾದ್ರ ಬರ್ತಾನಂತೆ! ಅಕ್ಷತೆ ಬೀಳುವ ಹೊತ್ತಿಗೆ ನನ್ನ ಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು, ಇವನೊಬ್ಬನೇ ಸೋದರಮಾವ, ಗಂಡಿನ ಕಡೆಯವರು ಆಚೀಚೆ ನೋಡುತ್ತಾರೆ, ಹೆಂಗಸರು ಸೆರಗು ಬಾಯಿಗೆ ಹಿಡಿದು ಗುಸುಗುಸು, ಹುಡುಗಿ ತಾಯಿಗೆ ತವರು ಇಲ್ಲೇನ್ರಿ? ಸೌಂದರ್ಯಾ ಹಿಂದೆ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ನಾಯಿ ಛೂ ಬಿಟ್ಟ ಹಾಗೆ ಬಿಟ್ಟ ಮಾತನ್ನು. ರೇವಪ್ಪ ಮೆಲ್ಲಗೆ ಒಳಗೆ ಬಂದ, ಕೊಟ್ಟು ಬಿಡ, ಪೆಟಗ್ಯಾಗ ಏನೈತಿ, ಪೋರಿ ಲಗ್ನ ದೊಡ್ಡದು. ಪೆಟ್ಟಿಗೆಯಲ್ಲಿ ಏನಿದೆ ಅಂತ ಇವನಿಗೆ ಹೇಳಲೇ? ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನಿಗೆ? ಬಿಡು. ಆತು, ಒರಸ್ತೇನಿ ಅಂದೆ, ನನ್ನ ದನಿ ನನಗೇ ಅಸಹ್ಯವಾಯಿತು.

ಹತ್ತಿ ಬೆಳ್ಳಗಾಯಿತು, ಸಂಜುನದು ಒರೆಸಿಯಾಯಿತು, ಹಸಿ ಕಾಗದ ಕರ್ರಗೆ, ಏನೂ ಇಲ್ಲ, ಅವನ ಬೆರಳೂ ಹೋಯಿತು ಅಪ್ಪನದೂ ಹೋಯಿತು, ಈಗ ನನ್ನದು, ಕಸೂತಿ ಬಟ್ಟೆ ತೆಗೆದೆ, ಸ್ಕ್ರೂ ಬಿಚ್ಚಿದೆ, ಮುಂದಿನ ಬಟ್ಟೆ ತೆಗೆದೆ, ಎರಡು ಪೂರ್ತಿ ಒಂದು ಅರ್ಧ, ಇಲ್ಲೇ ಇದೆ, ನಾನು ಒಂದು ಖಂಡೇನವಮಿಗೂ ಇದರ ಮೇಲೆ ಕೈ ಇಡಲಿಲ್ಲ, ಮೇಲೊಂದು ಹೂ ಇಟ್ಟು ಸುಮ್ಮನಾಗುತ್ತಿದ್ದೆ — ಹೊಸ ಹತ್ತಿ ಅದ್ದಿದೆ, ಕೈ ಮುಂದೆ ಹೋಗುತ್ತಿಲ್ಲ, ಸಂಜುನ ಪೆಟ್ಟಿಗೆಯ ಕಡೆ ನೋಡಿದೆ, ಬಾಗಿಲ ಬಿಸಿಲು ಅದರ ಮೇಲೆ ಬಿದ್ದಿದೆ, ಕಾಗದ ಒಣಗುತ್ತಿದೆ, ಒಣಗಿದಲ್ಲಿ ಏನೋ ಬೆಳ್ಳಗೆ ಏಳುತ್ತಿದೆ. ಒಂದು ಗೆರೆ. ಅದರ ಕೆಳಗೊಂದು. ಮೂರನೆಯದು ಎದ್ದಿತು, ಅರ್ಧಕ್ಕೆ ನಿಂತಿತು. ಎಪ್ಪಾ! ಮತ್ತೆ ಒರೆಸಿದೆ, ಜೋರಾಗಿ, ಕರ್ರಗಾಯಿತು, ಕೂತು ನೋಡಿದೆ, ಒಣಗಿತು, ಮತ್ತೆ ಅರ್ಧಕ್ಕೆ ನಿಂತಿತು. ಬರಿಯ ಕಾಗದಕ್ಕೆ ಅಷ್ಟು ವರ್ಷ ನೀರಿನ ಸಮೇತ ಕುಡಿಸಿದ್ದಲ್ಲವೇ ಅಪ್ಪ, ಒಳಗೆ ಇಳಿದಿದೆ, ತಮ್ಮನದು ಮೇಲೆ ಕೂತ ಸುಣ್ಣ, ಹತ್ತಿಯಲ್ಲಿ ಬಂದುಬಿಟ್ಟಿತು. ಕಪಾಟಿನಲ್ಲಿ ಕಪ್ಪು ಬಣ್ಣದ ಡಬ್ಬಿ ಇದೆ, ಒಂದು ಕೈ ಎಳೆದರೆ ಮುಗಿಯಿತು, ಸಾವಕಾರರಿಗೆ ಬೇಕಾದದ್ದು ಅದೇ. ಡಬ್ಬಿ ತೆಗೆಯಲಿಲ್ಲ. ಸಂಜುನದಕ್ಕೆ ಇನ್ನೊಮ್ಮೆ ಒದ್ದೆ ಹತ್ತಿ, ನನ್ನದಕ್ಕೂ ಒದ್ದೆ ಹತ್ತಿ, ಎರಡೂ ಕರ್ರಗೆ ಮಿಂಚುತ್ತಿರುವಾಗಲೇ ಕರೆದೆ, ಬಾ, ನೋಡ್ಕೋ. ಬಗ್ಗಿ ನೋಡಿದ. ಅಗದೀ ಹೊಸಾವು ಆದಂಗ ಆಗ್ಯಾವಲ್ಲಕ್ಕಾ, ಒಂದು ಚೂರೂ ಉಳದಿಲ್ಲ! ಹೂಂ, ಉಳಿದಿಲ್ಲ ಅಂದೆ. ಬಟ್ಟೆಯ ಚೌಕಟ್ಟು ಒತ್ತಿ ಕೂಡಿಸಿದೆ, ಒಂದಕ್ಕೆ, ಇನ್ನೊಂದಕ್ಕೆ.

ಟಂಟಂ ಹೋಯಿತು, ಜೋಡಿಯಾಗಿ ಹೋದವು, ಲಗ್ನಕ್ಕೆ ತಪ್ಪದ ಬರ್ತೇನಕ್ಕಾ ಅಂತ ಕೈ ಬೀಸಿದ, ಬರಲಿ, ನಿಲ್ಲಲಿ ನನ್ನ ಮಗಳ ಬೆನ್ನಿಗೆ, ಇಲ್ಲಾ ಸಾವಕಾರರು ಬಟ್ಟೆ ತೆಗೆದು ನೋಡಿ ಇವನ ಮುಖಕ್ಕೆ ಉಗುಳಲಿ, ಆಮೇಲೆ ಇವನು ನನಗೆ ಉಗುಳಲಿ, ಏನಾದರೂ ಆಗಲಿ. ಮೂಲೆಯಲ್ಲಿ ಪೆಟ್ಟಿಗೆಯಷ್ಟೇ ಅಗಲದ ಧೂಳಿಲ್ಲದ ನೆಲ, ಮಡಿಸದ ಕಸೂತಿ ಬಟ್ಟೆ, ರೇವಪ್ಪ ಕೇಳುತ್ತಿದ್ದಾನೆ, ಉಣ್ಣಾಕ ಏನರ ಐತೇನು, ಐತಿ, ಯಾಕಿಲ್ಲ, ರೊಟ್ಟಿ ಐತಿ — ಕೈಯಲ್ಲಿನ ಹತ್ತಿ ಒಣಗಿ ಬೆಳ್ಳಗಾಗಿದೆ, ಹೊರಗೆ ಎಂಥ ಬಿಸಿಲು, ಹೆದ್ದಾರಿ ಕಾದಿರುತ್ತದೆ, ಚಡಚಣ ಮುಟ್ಟುವುದರೊಳಗೆ ಒಣಗುತ್ತವೆ, ಬಟ್ಟೆಯ ಹಿಂದೆ, ಕತ್ತಲಲ್ಲಿ, ಯಾರಿಗೂ ಕಾಣದ ಹಾಗೆ, ಮೊದಲೊಂದು ಗೆರೆ, ಅದರ ಕೆಳಗೊಂದು, ಪೂರ್ತಿ, ಪೂರ್ತಿ, ಮೂರನೆಯದು ಬರುತ್ತದೆ, ಬರುತ್ತದೆ, ಅರ್ಧಕ್ಕೆ